ಬಂಕ್, ಉಡುಪಿ ಹೋಟೆಲ್, ಪಾಲಿಕೆ: ಮುಂಬೈಯಲ್ಲಿ ಶೌಚಾಲಯ ಕೊಡಬೇಕಾದವರು ಯಾರು?

2025ರಲ್ಲಿ ಶೌಚಾಲಯದ ಬಗ್ಗೆ ಎರಡು ಕೋರ್ಟ್‌ಗಳಿಂದ ಎರಡು ಮಾತು ಬಂದವು. ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಾತಾಡಿತು. ದೇಶದ ಎಲ್ಲ ನ್ಯಾಯಾಲಯಗಳ ಆವರಣದಲ್ಲೂ ಗಂಡಸರಿಗೆ, ಹೆಂಗಸರಿಗೆ, ಅಂಗವಿಕಲರಿಗೆ, ತೃತೀಯ ಲಿಂಗಿಗಳಿಗೆ ಬೇರೆ ಬೇರೆ ಶೌಚಾಲಯ ಇರಲೇಬೇಕು ಎಂದಿತು. ಇದು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದೂ ಹೇಳಿತು. ಜೂನ್‌ನಲ್ಲಿ ಕೇರಳ ಹೈಕೋರ್ಟ್ ಒಂದು ಮಧ್ಯಂತರ ಆದೇಶ ಕೊಟ್ಟಿತು. ಖಾಸಗಿ ಪೆಟ್ರೋಲ್ ಬಂಕಿನ ಶೌಚಾಲಯವನ್ನು ಸಾರ್ವಜನಿಕ ಶೌಚಾಲಯ ಮಾಡಿ ಎಂದು ಮಾಲೀಕರನ್ನು ಒತ್ತಾಯಿಸುವಂತಿಲ್ಲ ಎಂದಿತು.

ಇದರ ಜೊತೆಗೆ ವಾಟ್ಸಾಪ್‌ನಲ್ಲಿ ವರ್ಷಗಳಿಂದ ಓಡಾಡುವ ಇನ್ನೊಂದು ಮಾತಿದೆ. ಫೈವ್ ಸ್ಟಾರ್ ಹೋಟೆಲಾದರೂ ಸರಿ, ನೀರು ಮತ್ತು ಶೌಚಾಲಯ ಎಲ್ಲರಿಗೂ ಪುಕ್ಕಟೆ, ಬ್ರಿಟಿಷರ ಕಾಲದ ಕಾಯ್ದೆಯೇ ಇದೆ ಅನ್ನುವ ಮಾತು.

ಮೂರನ್ನೂ ಓದಿದವರಿಗೆ ತಲೆ ಕೆಡುವುದು ಸಹಜ. ಹಕ್ಕು ಇದೆ ಅಂತಾರೆ, ಬಂಕಿನದು ಕೇಳಬೇಡ ಅಂತಾರೆ, ಹೋಟೆಲಿನದು ಕೇಳು ಅಂತಾರೆ. ಮುಂಬೈಯ ಕನ್ನಡಿಗರಿಗೆ ಈ ಗೊಂದಲ ಎರಡೂ ಕಡೆಯಿಂದ ತಟ್ಟುತ್ತದೆ. ಮಾಟುಂಗಾ, ಫೋರ್ಟ್, ದಾದರ್‌ಗಳಲ್ಲಿ ಹೋಟೆಲ್ ನಡೆಸುವ ಕರಾವಳಿಯವರಿದ್ದಾರೆ. ಅವರ ಶೌಚಾಲಯದ ಬಾಗಿಲನ್ನೇ ಜನ ತಟ್ಟುವುದು. ಕಟ್ಟಡ ಕೆಲಸಕ್ಕೆ, ಮನೆಗೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದವರೂ ಇದ್ದಾರೆ. ಅವರಿಗೆ ತಟ್ಟಲು ಬಾಗಿಲೇ ಇಲ್ಲ.

ಸುದ್ದಿಯಲ್ಲಿ ಇರುವುದೆಷ್ಟು

ಮೊದಲು ಕೇರಳದ ವಿಷಯ. ತಿರುವನಂತಪುರದಲ್ಲಿ ಬಂಕ್‌ಗಳ ಶೌಚಾಲಯಕ್ಕೆ ಸಾರ್ವಜನಿಕ ಶೌಚಾಲಯ ಎಂದು ಫಲಕ ಹಾಕಲು ಸ್ಥಳೀಯ ಆಡಳಿತ ಹೊರಟಿತ್ತು. ಬಂಕ್ ಮಾಲೀಕರು ಕೋರ್ಟಿಗೆ ಹೋದರು. ಆಗ ಬಂದದ್ದು ಜೂನ್ ಆದೇಶ. ನಂತರ ಅದೇ ಕೋರ್ಟ್ ಅದನ್ನು ಬದಲಿಸಿ, ರಾಷ್ಟ್ರೀಯ ಹೆದ್ದಾರಿ ಬದಿಯ ಬಂಕ್‌ಗಳು ಪ್ರಯಾಣಿಕರಿಗೆ ಶೌಚಾಲಯ ತೆರೆದಿಡಬೇಕು ಎಂದಿತು. ಮೊದಲ ಆದೇಶ ಎಲ್ಲರ ಮೊಬೈಲಿಗೂ ಬಂತು, ಎರಡನೆಯದು ಅಷ್ಟಾಗಿ ಬರಲಿಲ್ಲ. ಏನೇ ಆದರೂ ಇದು ಕೇರಳದ ಕೋರ್ಟ್. ಮುಂಬೈಯ ಬಂಕ್ ಮಾಲೀಕರು ಇದನ್ನು ತೋರಿಸಿ ವಾದ ಮಾಡಬಹುದು ಅಷ್ಟೇ, ಇಲ್ಲಿ ಅದು ಕಾನೂನಾಗುವುದಿಲ್ಲ. ಬಂಕಿನಲ್ಲಿ ಶುಚಿಯಾದ ಶೌಚಾಲಯ ಇರಬೇಕು ಅನ್ನುವುದು ತೈಲ ಕಂಪನಿಗಳ ನಿಯಮದಲ್ಲೇ ಇದೆ. ಜಗಳ ಇರುವುದು ಅದು ಪೆಟ್ರೋಲ್ ಹಾಕಿಸಿದವರಿಗೋ, ಊರಿಗೆಲ್ಲ ಸೇರಿದ್ದೋ ಅನ್ನುವುದರಲ್ಲಿ.

ಇನ್ನು ಹಳೇ ಕಾಯ್ದೆ. 1867ರ ಸರಾಯಿ ಕಾಯ್ದೆ ಎಂಬುದು ಇದೆ, ಅದು ಸುಳ್ಳಲ್ಲ. ಆದರೆ ಅದರಲ್ಲಿರುವುದು ಸರಾಯಿಗಳ, ಅಂದರೆ ದಾರಿಹೋಕರ ತಂಗುದಾಣಗಳ ನೋಂದಣಿ, ಅಲ್ಲಿನ ಶುಚಿತ್ವ, ಕಾವಲು ಇಂಥ ವಿಷಯ. ಹಾದಿಯಲ್ಲಿ ಹೋಗುವ ಯಾರು ಬೇಕಾದರೂ ಹೋಟೆಲ್ ಶೌಚಾಲಯವನ್ನು ಪುಕ್ಕಟೆ ಬಳಸಬಹುದು ಎಂದು ಅದರಲ್ಲಿ ಬರೆದಿಲ್ಲ. ಇದನ್ನು ನಂಬಿ ಹೋಟೆಲ್ ಮ್ಯಾನೇಜರ್ ಜೊತೆ ವಾದಕ್ಕೆ ಇಳಿದರೆ ಸುಮ್ನೆ ಗಂಟಲು ನೋವು.

ದೆಹಲಿಯಲ್ಲಿ ಒಂದು ಪ್ರಯೋಗ ನಡೆದಿತ್ತು. 2017ರ ಏಪ್ರಿಲ್‌ನಿಂದ ದಕ್ಷಿಣ ದೆಹಲಿ ಪಾಲಿಕೆ ತನ್ನ ವ್ಯಾಪ್ತಿಯ ಹೋಟೆಲ್, ರೆಸ್ಟೋರೆಂಟ್‌ಗಳ ಶೌಚಾಲಯವನ್ನು ಸಾರ್ವಜನಿಕರಿಗೆ ತೆರೆಯಬೇಕು, ಬೇಕಾದರೆ ಐದು ರೂಪಾಯಿವರೆಗೆ ತೆಗೆದುಕೊಳ್ಳಬಹುದು ಎಂದಿತು. ಹೋಟೆಲಿನವರು ಆಗಲೇ ತಕರಾರು ಎತ್ತಿದ್ದರು. ಆ ತಕರಾರಿನಲ್ಲಿ ಹುರುಳಿದೆ, ಮುಂದೆ ಅದಕ್ಕೆ ಬರೋಣ.

ಹೊಣೆ ಯಾರದು ಎಂದು ಬರೆದಿಟ್ಟಿದೆ

ಬಂಕ್, ಹೋಟೆಲ್ ಎಂದು ಇಷ್ಟೆಲ್ಲ ಹುಡುಕಾಟ ನಡೆಯುವಾಗ ಒಂದು ಸರಳ ಸಂಗತಿ ಮರೆತುಹೋಗುತ್ತದೆ. ಮುಂಬೈ ಪಾಲಿಕೆ ನಡೆಯುವುದು 1888ರ ಮುಂಬೈ ಮಹಾನಗರ ಪಾಲಿಕೆ ಕಾಯ್ದೆಯ ಪ್ರಕಾರ. ಅದರ 61ನೇ ಸೆಕ್ಷನ್‌ನಲ್ಲಿ ಪಾಲಿಕೆ ಮಾಡಲೇಬೇಕಾದ ಕೆಲಸಗಳ ಪಟ್ಟಿ ಇದೆ. ಆ ಪಟ್ಟಿಯ ಶುರುವಿನಲ್ಲೇ ಚರಂಡಿ, ಸಾರ್ವಜನಿಕ ಶೌಚಾಲಯ, ಮೂತ್ರಿಗಳ ಮಾತು ಬರುತ್ತದೆ. ಅವನ್ನು ಕಟ್ಟುವುದು, ನೋಡಿಕೊಳ್ಳುವುದು, ತೊಳೆಯುವುದು ಮೂರೂ ಪಾಲಿಕೆಯ ಹೊಣೆ. ಪುಣೆಗೆ ಅನ್ವಯಿಸುವ 1949ರ ಕಾಯ್ದೆಯ 63ನೇ ಸೆಕ್ಷನ್‌ನಲ್ಲೂ ಇದೇ ಮಾತಿದೆ.

ಕಾನೂನು "ಕಟ್ಟಿ" ಎಂದಷ್ಟೇ ಹೇಳಿ ಸುಮ್ಮನಾಗಿಲ್ಲ. ನೋಡಿಕೊಳ್ಳಿ, ತೊಳೆಯಿರಿ ಎಂದೂ ಹೇಳಿದೆ. 130 ವರ್ಷ ದಾಟಿದ ಈ ಸಾಲಿನ ಮೊದಲ ಪದಕ್ಕೆ ಮಾತ್ರ ದುಡ್ಡು ಸಿಕ್ಕಿದೆ, ಉಳಿದೆರಡು ಪದಗಳಿಗೆ ಸಿಕ್ಕಿಲ್ಲ. ಮುಂಬೈಯ ಶೌಚಾಲಯಗಳ ಕಥೆ ಹೆಚ್ಚು ಕಡಿಮೆ ಇಷ್ಟೇ. ದುಡ್ಡಿಲ್ಲದ ಪಾಲಿಕೆ ಇದಲ್ಲ. 2025–26ರ ಬಜೆಟ್ 74,427 ಕೋಟಿ ರೂಪಾಯಿ. ದೇಶದಲ್ಲಿ ಇಷ್ಟು ಹಣ ಇರುವ ಪಾಲಿಕೆ ಇನ್ನೊಂದಿಲ್ಲ.

ಲೆಕ್ಕ ತಪ್ಪುವುದು ಎಲ್ಲಿ

ಅಧಿಕಾರಿಗಳು ಇಷ್ಟು ಸಾವಿರ ಸೀಟು ಕಟ್ಟಿದ್ದೇವೆ ಅನ್ನುತ್ತಾರೆ. ಜನ ಎಲ್ಲೂ ಇಲ್ಲ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎರಡು ಬೇರೆ ಬೇರೆ ಜಾತಿಯ ಕಟ್ಟಡಗಳನ್ನು ಒಂದೇ ಹೆಸರಲ್ಲಿ ಕರೆಯುವುದರಿಂದ ಈ ಗೊಂದಲ.

ಒಂದು ಸಮುದಾಯ ಶೌಚಾಲಯ. ಝೋಪಡಪಟ್ಟಿಗಳಲ್ಲಿ, ಅಂದರೆ ಕೊಳೆಗೇರಿಗಳಲ್ಲಿ, ಮನೆಯೊಳಗೆ ಸಂಡಾಸು ಇಲ್ಲದವರಿಗಾಗಿ ಕಟ್ಟಿದ್ದು. ಬೆಳಗ್ಗೆ ಅದೇ ಜನ, ಸಂಜೆ ಅದೇ ಜನ. 2011ರ ಜನಗಣತಿಯ ಪ್ರಕಾರ ಮುಂಬೈಯ ಶೇ. 40ಕ್ಕೂ ಹೆಚ್ಚು ಮಂದಿ ಝೋಪಡಪಟ್ಟಿಗಳಲ್ಲಿದ್ದರು. ಹಾಗಾಗಿ ಪಾಲಿಕೆಯ ಸೀಟುಗಳಲ್ಲಿ ಬಹುಪಾಲು ಈ ಲೆಕ್ಕಕ್ಕೆ ಸೇರಿದ್ದು. ಇನ್ನೊಂದು ಸಾರ್ವಜನಿಕ ಶೌಚಾಲಯ. ಸ್ಟೇಷನ್, ಮಾರ್ಕೆಟ್, ಬಸ್ ನಿಲ್ದಾಣದ ಹತ್ತಿರ, ಮನೆಯಿಂದ ದೂರ ಇರುವವರಿಗಾಗಿ. ಚರ್ಚ್‌ಗೇಟ್‌ನಿಂದ ವಿರಾರ್‌ಗೆ 60 ಕಿಲೋಮೀಟರ್. ಸ್ಲೋ ಲೋಕಲ್ ಹಿಡಿದರೆ ಒಂದೂವರೆ ಗಂಟೆಗೂ ಜಾಸ್ತಿ. ಲೋಕಲ್ ಟ್ರೇನ್‌ಗಳಲ್ಲಿ ಶೌಚಾಲಯ ಇಲ್ಲ. ಹಾಗಾಗಿ ಹತ್ತುವ ಮೊದಲು ಅಥವಾ ಇಳಿದ ಮೇಲೆ ಸಿಗಬೇಕು.

ಸ್ವಚ್ಛ ಭಾರತ ಮಿಷನ್‌ನ ಅಳತೆಗೋಲು ಈ ಎರಡಕ್ಕೂ ಬೇರೆ ಬೇರೆ. ಸಮುದಾಯ ಶೌಚಾಲಯದಲ್ಲಿ 35 ಗಂಡಸರಿಗೆ ಒಂದು ಸೀಟು, 25 ಹೆಂಗಸರಿಗೆ ಒಂದು ಸೀಟು ಇರಬೇಕು. ಸಾರ್ವಜನಿಕ ಶೌಚಾಲಯದಲ್ಲಿ ಗಂಡಸರಿಗೆ 100ರಿಂದ 400 ಮಂದಿಗೆ ಒಂದು, ಹೆಂಗಸರಿಗೆ 100ರಿಂದ 200 ಮಂದಿಗೆ ಎರಡು. ಪಾಲಿಕೆಯ ಕೆಲಸಗಳ ಮೇಲೆ ಕಣ್ಣಿಡುವ ಪ್ರಜಾ ಫೌಂಡೇಶನ್ 2023ರ ವರದಿಯಲ್ಲಿ ಮುಂಬೈಯ ಸಾರ್ವಜನಿಕ ಶೌಚಾಲಯಗಳ ಲೆಕ್ಕ ಕೊಟ್ಟಿತು: 752 ಗಂಡಸರಿಗೆ ಒಂದು ಸೀಟು, 1,820 ಹೆಂಗಸರಿಗೆ ಒಂದು ಸೀಟು.

ಹೆಂಗಸರ ಸೀಟುಗಳ ಕೊರತೆ ಇಷ್ಟು ಜಾಸ್ತಿ ಯಾಕೆ? ನಕ್ಷೆ ಹಾಕುವಾಗ ಅರ್ಧ ಜಾಗ ಗಂಡಸರಿಗೆ, ಅರ್ಧ ಹೆಂಗಸರಿಗೆ ಎಂದು ಗೆರೆ ಎಳೆಯುತ್ತಾರೆ. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಗಂಡಸರ ಅರ್ಧದಲ್ಲಿ ಗೋಡೆಗೆ ಸಾಲಾಗಿ ಮೂತ್ರಿ ಕೂರಿಸಬಹುದು, ಒಂದು ಕೋಣೆಯ ಜಾಗದಲ್ಲಿ ಎರಡು ಮೂರು ಮಂದಿ ನಿಲ್ಲುತ್ತಾರೆ. ಹೆಂಗಸರ ಅರ್ಧದಲ್ಲಿ ಎಲ್ಲವೂ ಬಾಗಿಲಿರುವ ಕೋಣೆಯೇ ಆಗಬೇಕು. ಸೀರೆ, ಸಲ್ವಾರ್, ಮುಟ್ಟು, ಜೊತೆಗೊಂದು ಮಗು ಅಂದರೆ ಸಮಯವೂ ಹೆಚ್ಚು ಬೇಕು. ಸಮ ಜಾಗ ಕೊಟ್ಟರೂ ಸಮ ಸೌಲಭ್ಯ ಆಗುವುದಿಲ್ಲ. ಕಟ್ಟಡ ಎದ್ದ ಮೇಲೆ ಇದನ್ನು ಸರಿ ಮಾಡುವುದು ಕಷ್ಟ.

ಐದು ರೂಪಾಯಿ ನಾಣ್ಯದ ಹಿಂದೆ

ಕೊಳಕು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಾದರೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಬಳಸುವವರಿಗೆ ಬುದ್ಧಿಯಿಲ್ಲ, ಜನಕ್ಕೆ ಶಿಸ್ತಿಲ್ಲ ಎಂಬ ಮಾತು ಎಲ್ಲ ಚರ್ಚೆಯಲ್ಲೂ ಬರುತ್ತದೆ. ಅದೇ ಜನ ಏರ್‌ಪೋರ್ಟ್‌ಗೆ, ಮಾಲ್‌ಗೆ ಹೋದಾಗ ಅಲ್ಲಿನ ಶೌಚಾಲಯ ಯಾಕೆ ಚೊಕ್ಕಟವಾಗಿರುತ್ತದೆ? ಅಲ್ಲಿ ದಿನವಿಡೀ ಒಬ್ಬರು ಒರೆಸುತ್ತಲೇ ಇರುತ್ತಾರೆ, ಅವರಿಗೆ ಸಂಬಳ ಕೊಡುವವರಿದ್ದಾರೆ.

ರಸ್ತೆ ಬದಿಯ ಶೌಚಾಲಯಕ್ಕೆ ನಮ್ಮಲ್ಲಿ ಹೆಚ್ಚಾಗಿ ಇರುವುದು ಪೇ ಅಂಡ್ ಯೂಸ್ ಪದ್ಧತಿ. ಬಿಂದೇಶ್ವರ ಪಾಠಕ್ 1970ರಲ್ಲಿ ಶುರು ಮಾಡಿದ ಸುಲಭ್ ಸಂಸ್ಥೆ ಇದನ್ನು 1974ರಲ್ಲಿ ಪಟ್ನಾದಲ್ಲಿ ನಡೆಸಿ ತೋರಿಸಿತು, ಅಲ್ಲಿಂದ ದೇಶವೆಲ್ಲ ಹರಡಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಪಾಲಿಕೆ ಜಾಗ ಕೊಡುತ್ತದೆ. ನಡೆಸುವವರು ನೀರು, ಕರೆಂಟು, ಸಂಬಳ, ಫಿನೈಲು ಎಲ್ಲವನ್ನೂ ಬಳಸುವವರು ಕೊಡುವ ಚಿಲ್ಲರೆಯಿಂದಲೇ ನೋಡಿಕೊಳ್ಳಬೇಕು. ಪಾಲಿಕೆಗೆ ಇದು ಬಹಳ ಇಷ್ಟ. ಖರ್ಚೇ ಇಲ್ಲ ಅಲ್ವಾ?

ಈಗ ಒಂದು ಲೆಕ್ಕ ಹಾಕೋಣ. 24 ಗಂಟೆ ತೆರೆದಿರುವ ಒಂದು ಶೌಚಾಲಯ. ಮೂರು ಪಾಳಿ. ಪಾಳಿಗೆ ಕೌಂಟರ್‌ನಲ್ಲಿ ಒಬ್ಬರು, ತೊಳೆಯಲು ಒಬ್ಬರು. ಒಟ್ಟು ಆರು ಜನ. ಒಬ್ಬರಿಗೆ ದಿನಕ್ಕೆ 600 ರೂಪಾಯಿ ಎಂದಿಟ್ಟುಕೊಂಡರೆ ಸಂಬಳಕ್ಕೇ 3,600 ರೂಪಾಯಿ. ತಲೆಗೆ ಐದು ರೂಪಾಯಿಯಂತೆ 720 ಮಂದಿ ಬರಬೇಕು. ಹಗಲು ರಾತ್ರಿ ಬಿಡದೆ ಎರಡು ನಿಮಿಷಕ್ಕೊಬ್ಬರು. ನೀರು, ಕರೆಂಟು, ಕಿತ್ತುಹೋದ ಚಿಲಕ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ದಾದರ್ ಸ್ಟೇಷನ್ ಹತ್ತಿರ ಇದು ಆದೀತು. ಒಳಗಿನ ಬೀದಿಯಲ್ಲಿ ಆಗುವ ಮಾತಲ್ಲ. ಇದರಿಂದ ಏನಾಗುತ್ತದೆ ನೋಡಿ. ನಡೆಸುವವರು ಜನಜಂಗುಳಿ ಇರುವ ಕಡೆ ಮಾತ್ರ ಟೆಂಡರ್ ಹಾಕುತ್ತಾರೆ, ಉಳಿದ ಕಡೆ ಯಾರೂ ಮುಂದೆ ಬರುವುದಿಲ್ಲ. ಬಂದವರು ಮೊದಲು ಕತ್ತರಿಸುವುದು ರಾತ್ರಿ ಪಾಳಿ. ಹತ್ತು ಗಂಟೆಗೆ ಬೀಗ. ನಸುಕಿಗೆ ಹೂವಿನ ಮಾರ್ಕೆಟ್‌ಗೆ, ಮೀನಿನ ಮಾರ್ಕೆಟ್‌ಗೆ ಬರುವ ಹೆಂಗಸರಿಗೆ ಬೀಗವೇ ಸಿಗುವುದು. ಮುಂದೆ ತೊಳೆಯುವವರ ಕೆಲಸಕ್ಕೆ ಕತ್ತರಿ. ಕೌಂಟರ್‌ನಲ್ಲಿ ಕೂತವನೇ ನಡುನಡುವೆ ನೀರು ಸುರಿಯುತ್ತಾನೆ. ಅಂಗವಿಕಲರ ಕೋಣೆ ಅಪರೂಪಕ್ಕೆ ಬಳಕೆಯಾಗುವುದರಿಂದ ಅದರಲ್ಲಿ ಪೊರಕೆ, ಬಕೆಟ್ ತುಂಬಿ ಬೀಗ ಬೀಳುತ್ತದೆ. ಇದರಲ್ಲಿ ಯಾರೋ ಒಬ್ಬ ದುಷ್ಟ ಇಲ್ಲ. ಒಪ್ಪಂದದ ಲೆಕ್ಕವೇ ಹೀಗೆ ನಡೆಸುತ್ತದೆ.

ಇದೇ ಲೆಕ್ಕದ ಇನ್ನೊಂದು ಮುಖ ಹೆಂಗಸರ ಮೇಲೆ ಬೀಳುವ ಶುಲ್ಕ. ಗಂಡಸರ ಮೂತ್ರಿ ಪುಕ್ಕಟೆ, ಒಳಗೆ ಹೋದರೆ ದುಡ್ಡು. ಹೆಂಗಸರು ಯಾವುದಕ್ಕಾದರೂ ಒಳಗೇ ಹೋಗಬೇಕು. ಯಾಕೆ ಹೋದರು ಎಂದು ಹೊರಗೆ ಕೂತವನಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಎಲ್ಲರಿಂದಲೂ ವಸೂಲಿ. 2011ರಲ್ಲಿ ಮುಂಬೈಯ ಹಲವು ಸಂಘಟನೆಗಳು ಸೇರಿ ರೈಟ್ ಟು ಪೀ, ಅಂದರೆ ಮೂತ್ರ ಮಾಡುವ ಹಕ್ಕು ಎಂಬ ಚಳವಳಿ ಶುರು ಮಾಡಿದ್ದು ಈ ಅನ್ಯಾಯದ ವಿರುದ್ಧ. ಹೆಸರು ಕೇಳಿ ಮುಸಿಮುಸಿ ನಕ್ಕವರೂ ಇದ್ದರು. ದಿನಕ್ಕೆ ಮೂರು ಸಲ ಐದು ರೂಪಾಯಿ ಎಂದರೆ ತಿಂಗಳಿಗೆ 450 ರೂಪಾಯಿ. ಸೊಪ್ಪು ಮಾರುವವರಿಗೆ ಅದು ನಗುವ ವಿಷಯವಲ್ಲ. ದುಡ್ಡು ಉಳಿಸಲು ಇರುವ ದಾರಿ ಒಂದೇ, ನೀರು ಕುಡಿಯದೇ ಇರುವುದು. ಅದರಿಂದ ಉರಿಮೂತ್ರ, ಸೋಂಕು.

ಪುಣೆಯ ಮಿಳೂನ್ ಸಾರ್ಯಾಜಣಿ ಎಂಬ ಸಂಸ್ಥೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 2015ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಆದೇಶ ಕೊಟ್ಟಿತು. ರಸ್ತೆಯಲ್ಲಿ ಓಡಾಡುವ ಹೆಂಗಸರಿಗೆ ಶುಚಿಯಾದ ಶೌಚಾಲಯ ಕೊಡುವುದು ಪಾಲಿಕೆಗಳ ಹೊಣೆ, ಅದಕ್ಕೆ ಸಮಿತಿ ಮಾಡಿ, ಯೋಜನೆ ಹಾಕಿ ಎಂದಿತು. ಮುಂಬೈಯಲ್ಲಿ ನಿಜಕ್ಕೂ ಅನ್ವಯಿಸುವ ಕೋರ್ಟ್ ಮಾತು ಇದು. ಕೇರಳದ ಆದೇಶಕ್ಕೆ ಸಿಕ್ಕ ಪ್ರಚಾರದ ಕಾಲು ಭಾಗವೂ ಇದಕ್ಕೆ ಸಿಗಲಿಲ್ಲ.

ನೀರಿಲ್ಲದ ಟ್ಯಾಂಕು, ಕುಸಿಯುವ ಗುಂಡಿ

ಝೋಪಡಪಟ್ಟಿಗಳ ಕಡೆ ಬಂದರೆ ಸಮಸ್ಯೆ ಇನ್ನೂ ಕೆಳಗೆ, ನೆಲದಲ್ಲೇ ಇದೆ. ಮುಂಬೈಯ ಝೋಪಡಪಟ್ಟಿಗಳು ಕೂತಿರುವ ನೆಲ ಎಲ್ಲವೂ ಪಾಲಿಕೆಯದಲ್ಲ. ಕೆಲವು ರೈಲ್ವೆಯದು, ಕೆಲವು ಬಂದರಿನದು, ಏರ್‌ಪೋರ್ಟಿನದು, ಕಲೆಕ್ಟರ್‌ದು, ಅರಣ್ಯ ಇಲಾಖೆಯದು, ಖಾಸಗಿಯವರದು. ಒಂದು ಪೈಪ್ ಎಳೆಯಲೂ ನೆಲದ ಮಾಲೀಕರ ಒಪ್ಪಿಗೆ ಪತ್ರ ಬೇಕು. ಕೊಟ್ಟರೆ ಅಲ್ಲಿನ ಜನರನ್ನು ಒಪ್ಪಿಕೊಂಡಂತೆ ಆಗುತ್ತದೆ ಎಂದು ಅವರು ಕೊಡುವುದಿಲ್ಲ. ಎಷ್ಟನೇ ಇಸವಿಗಿಂತ ಮೊದಲು ಬಂದವರು ಎಂಬ ಕಟ್‌ಆಫ್ ಲೆಕ್ಕದಲ್ಲಿ ಕುಡಿಯುವ ನೀರಿನ ಸಂಪರ್ಕವನ್ನೂ ಬಹಳ ವರ್ಷ ತಡೆಹಿಡಿದಿದ್ದರು. 2014ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್, ನೀರು ಬದುಕುವ ಹಕ್ಕಿನ ಭಾಗ ಎಂದಿತು. ಎಲ್ಲರಿಗೂ ನೀರು ಎಂಬ ಪಾಲಿಕೆ ನೀತಿ ಬಂದದ್ದು 2022ರಲ್ಲಿ. ಕುಡಿಯುವ ನೀರಿನದೇ ಈ ಕಥೆಯಾದರೆ ಫ್ಲಶ್ ನೀರಿನ ಸರದಿ ಯಾವಾಗ ಬರಬೇಕು?

ಒಳಚರಂಡಿ ಇಲ್ಲದ ಕಡೆ ಶೌಚಾಲಯದ ಕೆಳಗೇ ಸೆಪ್ಟಿಕ್ ಟ್ಯಾಂಕ್. ಅದನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡದಿದ್ದರೆ ಅನಿಲ ತುಂಬುತ್ತದೆ, ಮೇಲಿನ ಸ್ಲಾಬ್ ಸವೆಯುತ್ತದೆ. 2017ರಲ್ಲಿ ಮಾನ್‌ಖುರ್ದ್‌ನಲ್ಲಿ, 2018ರಲ್ಲಿ ಭಾಂಡುಪ್‌ನಲ್ಲಿ ಸಮುದಾಯ ಶೌಚಾಲಯಗಳು ಹೀಗೆ ಕುಸಿದು ಜನ ಸತ್ತರು. ಶೌಚಕ್ಕೆ ಹೋದವರು ಮನೆಗೆ ಬರಲಿಲ್ಲ. ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದ್ದರೂ ಇಳಿಸುವುದು ನಿಂತಿಲ್ಲ. ಯಂತ್ರದ ಲಾರಿ ನುಗ್ಗದಷ್ಟು ಕಿರಿದಾದ ಗಲ್ಲಿಯಲ್ಲಿ ಟ್ಯಾಂಕ್ ಕಟ್ಟಿದ ದಿನವೇ ಮುಂದಿನ ಸಾವಿಗೆ ಜಾಗ ಮಾಡಿಕೊಟ್ಟಂತೆ.

ಕೆಜಿಎಫ್‌ನ ಜೋಕಿನ್, ಪುಣೆಯ ಪ್ರಯೋಗ

ಹಾಗಾದರೆ ಎಲ್ಲೂ ಸರಿಯಾಗಿ ನಡೆದೇ ಇಲ್ಲವಾ? ನಡೆದಿದೆ. ಅದರ ಹಿಂದೆ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದ ಒಬ್ಬರಿದ್ದರು. ಜೋಕಿನ್ ಅರ್ಪುತಂ 1960ರ ದಶಕದಲ್ಲಿ ಮುಂಬೈಗೆ ಬಂದು ಮಾನ್‌ಖುರ್ದ್‌ನ ಜನತಾ ಕಾಲೊನಿಯಲ್ಲಿ ನೆಲೆಸಿದವರು. ಝೋಪಡಪಟ್ಟಿಯ ಜನರನ್ನೇ ಸಂಘಟಿಸಿ ರಾಷ್ಟ್ರೀಯ ಒಕ್ಕೂಟ ಕಟ್ಟಿದರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2018ರಲ್ಲಿ ತೀರಿಕೊಂಡರು.

1999ರಲ್ಲಿ ಪುಣೆಯ ಆಯುಕ್ತರಾಗಿದ್ದ ರತ್ನಾಕರ ಗಾಯಕ್‌ವಾಡ್ ದೊಡ್ಡ ಮಟ್ಟದಲ್ಲಿ ಸಮುದಾಯ ಶೌಚಾಲಯ ಕಟ್ಟಲು ಹೊರಟಾಗ ಜೋಕಿನ್ ಅವರ ಒಕ್ಕೂಟ, ಬಡ ಹೆಂಗಸರ ಸಂಘವಾದ ಮಹಿಳಾ ಮಿಲನ್, ಸ್ವಯಂಸೇವಾ ಸಂಸ್ಥೆಯಾದ ಸ್ಪಾರ್ಕ್ ಕೈಜೋಡಿಸಿದವು. ಕೆಲವೇ ವರ್ಷಗಳಲ್ಲಿ 400ಕ್ಕೂ ಹೆಚ್ಚು ಕಟ್ಟಡಗಳು ಎದ್ದವು. ಬಳಸುವ ಹೆಂಗಸರೇ ನಕ್ಷೆಯ ಬಗ್ಗೆ ಮಾತಾಡಿದ್ದರಿಂದ ಎಂಜಿನಿಯರ್‌ಗಳಿಗೆ ಹೊಳೆಯದ ಬದಲಾವಣೆಗಳು ಬಂದವು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಪ್ರವೇಶ, ಬೇರೆ ಬೇರೆ ಸಾಲು. ಒಂದೇ ಸಾಲಿದ್ದರೆ ಗಂಡಸರು ನುಗ್ಗಿ ಮುಂದೆ ಹೋಗುತ್ತಿದ್ದರು. ಮಕ್ಕಳಿಗೆ ಹಿಡಿಕೆ ಇರುವ ಸಣ್ಣ ಸೀಟುಗಳು. ದೊಡ್ಡವರ ಗುಂಡಿಗೆ ಹೆದರಿ ಮಕ್ಕಳು ಹೊರಗೇ ಕೂರುತ್ತಿದ್ದರು. ಒಳಗೂ ಹೊರಗೂ ತೆರೆಯುವ ಬಾಗಿಲು. ದೊಡ್ಡ ನೀರಿನ ಟ್ಯಾಂಕು. ಎಲ್ಲಕ್ಕಿಂತ ಮುಖ್ಯವಾಗಿ ಕೇರ್‌ಟೇಕರ್ ಕುಟುಂಬಕ್ಕೆ ಮೇಲೊಂದು ಕೋಣೆ. ವಾಸಕ್ಕೆ ಜಾಗ ಸಿಗುವುದು ಸಂಬಳದ ಒಂದು ಭಾಗ ಸಿಕ್ಕಂತೆ, ಅದೂ ಈ ನಗರಗಳಲ್ಲಿ. ತಲೆಗಿಷ್ಟು ಎಂಬ ವಸೂಲಿ ಬಿಟ್ಟು ಕುಟುಂಬಕ್ಕೆ ತಿಂಗಳ ಪಾಸ್ ಮಾಡಿದರು. ಎಷ್ಟು ಸಲ ಹೋದರೂ ಅಷ್ಟೇ. ನೀರು ಕುಡಿಯಲು ಹೆದರಬೇಕಿಲ್ಲ.

ಮುಂಬೈಯಲ್ಲೂ ವಿಶ್ವಬ್ಯಾಂಕ್ ಸಾಲದ ಯೋಜನೆಯಡಿ ಇದೇ ಮಾದರಿಯಲ್ಲಿ ಕಟ್ಟಡಗಳು ಬಂದವು, ಸ್ಥಳೀಯ ಸಂಘಗಳ ಕೈಗೆ ಕೊಟ್ಟರು. ಕೆಲವು ಚೆನ್ನಾಗಿ ನಡೆದವು. ಕೆಲವು ಕಡೆ ಸಂಘ ಎಂಬುದು ಕಾರ್ಪೊರೇಟರ್ ಕಡೆಯ ನಾಲ್ಕು ಜನರ ಆದಾಯದ ದಾರಿಯಾಯಿತು. ಹಾಗಾಗಿ ಸಮುದಾಯದ ಕೈಗೆ ಕೊಟ್ಟರೆ ಎಲ್ಲ ಸರಿಯಾಗುತ್ತದೆ ಎಂಬ ಸುಲಭದ ನಂಬಿಕೆಯೂ ಬೇಡ. ವಾಣಿಜ್ಯ ದರದಲ್ಲಿ ಕರೆಂಟು ಬಿಲ್ ಬರುತ್ತದೆ ಎಂಬುದು ಪ್ರಾಮಾಣಿಕ ಸಂಘಗಳ ಹಳೇ ದೂರು. ಝೋಪಡಪಟ್ಟಿಯ ಸಂಡಾಸಿನ ಬಲ್ಬಿಗೂ ಬಾರಿನ ಬಲ್ಬಿಗೂ ಒಂದೇ ದರ ಅಂದರೆ ಏನು ಹೇಳೋಣ.

2016ರಲ್ಲಿ ಘಾಟ್‌ಕೋಪರ್‌ನ ಆಜಾದ್ ನಗರದಲ್ಲಿ ಹಿಂದೂಸ್ತಾನ್ ಯೂನಿಲಿವರ್ ಪಾಲಿಕೆಯ ಜೊತೆ ಸೇರಿ ಸುವಿಧಾ ಕೇಂದ್ರ ತೆರೆಯಿತು. ಅಲ್ಲಿ ಸ್ನಾನ, ಬಟ್ಟೆ ಒಗೆಯುವ ಯಂತ್ರ, ಕುಡಿಯುವ ನೀರು ಎಲ್ಲ ಒಂದೇ ಕಡೆ. ಸ್ನಾನದ, ಬಟ್ಟೆ ಒಗೆದ ನೀರನ್ನು ಶುದ್ಧ ಮಾಡಿ ಫ್ಲಶ್‌ಗೆ ಬಳಸುತ್ತಾರೆ. ಒಗೆತದ ಆದಾಯ ಶೌಚಾಲಯದ ಖರ್ಚಿಗೆ ಆಸರೆಯಾಗುತ್ತದೆ. ಮುಂದೆ ಧಾರಾವಿಯಲ್ಲಿ ನೂರಕ್ಕೂ ಹೆಚ್ಚು ಸೀಟಿನದ್ದೂ ಬಂತು. ಒಳ್ಳೆಯ ಮಾದರಿ. ಆದರೆ ಕಂಪನಿಯ ಸಿಎಸ್‌ಆರ್ ಹಣ, ಅಂದರೆ ಸಮಾಜಸೇವೆಗೆಂದು ತೆಗೆದಿಟ್ಟ ಹಣ, ಬಂದ ಕಡೆ ಮಾತ್ರ ಬರುತ್ತದೆ, ಅದನ್ನೇ ನಂಬಿ ನಗರ ನಡೆಸಲಾಗದು.

ಹೋಟೆಲಿನವರು ಏನಂತಾರೆ

ಈಗ ಆ ತಕರಾರಿಗೆ ಬರೋಣ. ಮಾಟುಂಗಾ ಅಥವಾ ಫೋರ್ಟ್‌ನ ಒಂದು ಸಾಧಾರಣ ಉಡುಪಿ ಹೋಟೆಲನ್ನು ನೆನೆಸಿಕೊಳ್ಳಿ. ಮುಂದೆ ಕ್ಯಾಶ್ ಕೌಂಟರ್, ನಡುವೆ ಒತ್ತೊತ್ತಾಗಿ ಟೇಬಲ್, ಹಿಂದೆ ಅಡುಗೆಮನೆ, ಅದರ ಪಕ್ಕದ ಓಣಿಯಲ್ಲಿ ಒಂದೋ ಎರಡೋ ಶೌಚಾಲಯ. ಗಿರಾಕಿಗಳಿಗೂ ಅದೇ, ಹುಡುಗರಿಗೂ ಅದೇ. ಬೇಸಿಗೆಯಲ್ಲಿ ಪಾಲಿಕೆ ನೀರು ಕಡಿತ ಮಾಡಿದರೆ ಟ್ಯಾಂಕರ್ ತರಿಸಬೇಕು. ಊಟದ ಹೊತ್ತಿಗೆ ಹೊರಗಿನವರು ಟೇಬಲ್‌ಗಳ ನಡುವೆ ಸಾಲು ನಿಂತರೆ ವ್ಯಾಪಾರಕ್ಕೆ ಪೆಟ್ಟು. ನಾವು ಪಾಲಿಕೆಗೆ ತೆರಿಗೆ ಕಟ್ಟುತ್ತೇವೆ, ಪಾಲಿಕೆಯ ಕೆಲಸವನ್ನೂ ನಾವೇ ಮಾಡಬೇಕಾ ಎಂಬುದು ಅವರ ಪ್ರಶ್ನೆ. ಬಂಕ್ ಮಾಲೀಕರದೂ ಅದೇ ಪ್ರಶ್ನೆ. ಪೆಟ್ರೋಲ್ ಇರುವ ಜಾಗದಲ್ಲಿ ಜನ ಸುಮ್ಮನೆ ಓಡಾಡುವುದು ಅಪಾಯ ಅನ್ನುವುದನ್ನೂ ಅವರು ಸೇರಿಸುತ್ತಾರೆ.

ಎದುರಿನವರ ವಾದ: ಹೋಟೆಲ್‌ಗೆ ಲೈಸೆನ್ಸ್ ಕೊಡುವುದು ಪಾಲಿಕೆ, ಫುಟ್‌ಪಾತ್, ರಸ್ತೆ, ನೀರು ಎಲ್ಲ ಊರಿನದು, ಅವಸರಕ್ಕೆ ಬಂದವರಿಗೆ ಎರಡು ನಿಮಿಷ ಬಾಗಿಲು ತೆರೆದರೆ ಏನು ಹೋಗುತ್ತದೆ? ಬಸುರಿ, ಸಕ್ಕರೆ ಕಾಯಿಲೆಯವರು, ಮುದುಕರು ಪಾಲಿಕೆಯ ಟೆಂಡರ್ ಮುಗಿಯುವ ತನಕ ಕಾಯಲು ಆಗುತ್ತದಾ? ಇದೂ ನ್ಯಾಯವಾದ ಮಾತೇ. ನಮ್ಮ ಹೋಟೆಲಿನವರಲ್ಲಿ ಬಹಳ ಮಂದಿ ಕೇಳಿದರೆ ಇಲ್ಲ ಅನ್ನುವುದೂ ಇಲ್ಲ.

ಆದರೆ ಕೇಳುವವರು ಯಾರು ಅನ್ನುವುದು ಮುಖ್ಯ. ಆಫೀಸಿಗೆ ಹೋಗುವ ಹುಡುಗಿ ಕೇಳುತ್ತಾಳೆ, ಮ್ಯಾನೇಜರ್ ತಲೆಯಾಡಿಸುತ್ತಾರೆ. ತಲೆ ಮೇಲೆ ಸಿಮೆಂಟ್ ಬಾಂಡಲಿ ಹೊತ್ತು ಬಂದ ಯಾದಗಿರಿಯ ಹೆಂಗಸು ಬಾಗಿಲ ತನಕವೂ ಬರುವುದಿಲ್ಲ. ಬಂದರೂ ಕಾವಲಿನವನ ನೋಟವೇ ಸಾಕು. ಖಾಸಗಿ ಬಾಗಿಲಿಗೆ ಹೀಗೊಂದು ಜರಡಿ ಇದ್ದೇ ಇರುತ್ತದೆ. ಯಾರಿಗೆ ಶೌಚಾಲಯದ ಅಗತ್ಯ ಜಾಸ್ತಿಯೋ ಅವರೇ ಅದರಲ್ಲಿ ಉದುರಿಹೋಗುತ್ತಾರೆ. ಬಂಕ್, ಹೋಟೆಲ್‌ಗಳನ್ನು ಪಾಲಿಕೆಯ ಬದಲಿಗೆ ನಿಲ್ಲಿಸುವ ಯೋಚನೆಯ ದೊಡ್ಡ ದೋಷ ಇದು.

ನಡುವಿನ ದಾರಿ ಇಲ್ಲದಿಲ್ಲ. ಲಂಡನ್‌ನ ರಿಚ್ಮಂಡ್‌ನಲ್ಲಿ ಸ್ಥಳೀಯ ಆಡಳಿತ ಪಬ್, ಅಂಗಡಿಗಳ ಜೊತೆ ಒಪ್ಪಂದ ಮಾಡಿಕೊಂಡು ವರ್ಷಕ್ಕಿಷ್ಟು ಹಣ ಕೊಡುತ್ತದೆ. ಅವರು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಶೌಚಾಲಯ ತೆರೆದಿಡುತ್ತಾರೆ. ಜರ್ಮನಿಯ ಹಲವು ಊರುಗಳಲ್ಲೂ ಇಂಥದೇ ಏರ್ಪಾಟಿದೆ. ಮುಂಬೈಯಲ್ಲಿ ಜಾಗ ಇರುವ ಹೋಟೆಲ್‌ಗಳಿಗೆ ನೀರಿನ ದರದಲ್ಲೋ ಆಸ್ತಿ ತೆರಿಗೆಯಲ್ಲೋ ರಿಯಾಯಿತಿ ಕೊಟ್ಟು ಇದನ್ನು ಮಾಡಬಹುದು. ಬಲವಂತಕ್ಕಿಂತ ಬಾಡಿಗೆ ವಾಸಿ. ಬಾಗಿಲಲ್ಲಿ ಸ್ಟಿಕ್ಕರ್ ಇದ್ದರೆ ಕಾವಲಿನವನ ನೋಟಕ್ಕೂ ಒಂದು ಉತ್ತರ ಇರುತ್ತದೆ.

ಪ್ಲಸ್ ಪ್ಲಸ್ ಎಂದರೆ

ಊರಿಗೆ ಓಡಿಎಫ್ ಪ್ಲಸ್ ಪ್ಲಸ್ ಅಂತ ಬೋರ್ಡ್ ಇದೆ, ಶೌಚಾಲಯ ನಾರುತ್ತದೆ, ಇದು ಹೇಗೆ ಎಂದು ಕೇಳುವವರಿದ್ದಾರೆ. ಇದು ಸ್ವಚ್ಛ ಭಾರತ ಮಿಷನ್ ಊರುಗಳಿಗೆ ಕೊಡುವ ಪ್ರಮಾಣಪತ್ರ. ಓಡಿಎಫ್ ಅಂದರೆ ಬಯಲಲ್ಲಿ ಶೌಚಕ್ಕೆ ಕೂತವರು ಯಾರೂ ಕಾಣಲಿಲ್ಲ ಎಂದು. ಒಂದು ಪ್ಲಸ್ ಸೇರಿದರೆ ಶೌಚಾಲಯಗಳು ನಡೆಯುವ ಸ್ಥಿತಿಯಲ್ಲಿವೆ ಎಂದು. ಇನ್ನೊಂದು ಸೇರಿದರೆ ಮಲದ ನೀರನ್ನು ಸರಿಯಾಗಿ ವಿಲೇವಾರಿ ಮಾಡುತ್ತಾರೆ ಎಂದು. ತಪಾಸಣೆಗೆ ಬಂದವರು ಕೆಲವು ಕಡೆ, ಕೆಲವು ದಿನ ನೋಡಿ ಅಂಕ ಹಾಕುತ್ತಾರೆ. ಆ ವಾರ ಹೊಸ ನಲ್ಲಿ, ಹೊಸ ಸೋಪು. ಶೌಚಾಲಯಕ್ಕೆ ಬೇಕಿರುವುದು ದಿನಾ ಮಾಡುವ ಕೆಲಸ, ವರ್ಷಕ್ಕೊಮ್ಮೆ ಬರುವ ಪರೀಕ್ಷೆಯಿಂದ ಅದನ್ನು ಅಳೆಯಲು ಆಗುವುದಿಲ್ಲ.

ಅಂಗವಿಕಲರ ವಿಷಯದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ರಾಂಪ್ ಇದೆಯಾ ಎಂಬ ಕಾಲಮ್‌ಗೆ ಹೌದು ಎಂದು ಟಿಕ್ ಬೀಳುತ್ತದೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಎಂಬ ನಿಯಮ ಬಿಟ್ಟು ಕಡಿದಾಗಿ ಕಟ್ಟಿದ ರಾಂಪ್‌ನಲ್ಲಿ ವೀಲ್‌ಚೇರ್ ಹತ್ತುವುದಿಲ್ಲ, ಹತ್ತಿದರೂ ಇಳಿಯುವಾಗ ಜಾರುತ್ತದೆ. ಇಂಥ ಅಳತೆಗಳು ಬರೀ ಸಲಹೆ ಎಂದು ಇಷ್ಟು ದಿನ 'ನೋಡೋಣ' ಅನ್ನುತ್ತಿದ್ದರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪಾಲಿಸಲೇಬೇಕಾದ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ತೃತೀಯ ಲಿಂಗಿಗಳಿಗೆ ಪ್ರತ್ಯೇಕ ಶೌಚಾಲಯ ಬೇಕೆಂದು ಅದೇ ಕೋರ್ಟ್ 2014ರಲ್ಲೇ ಹೇಳಿತ್ತು.

ಮುಂದೆ ಏನಾಗಬಹುದು

ಈಗಿನ ದಾರಿಯಲ್ಲೇ ಹೋದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಪಾಲಿಕೆ ಹೊಸ ಲಾಟ್ ಎಂದು ಇನ್ನಷ್ಟು ಸಾವಿರ ಸೀಟುಗಳ ಟೆಂಡರ್ ಕರೆಯುತ್ತದೆ. ಕಟ್ಟುವ ಗುತ್ತಿಗೆಯಲ್ಲಿ ಲಾಭವಿದೆ, ಹಾಗಾಗಿ ಕಟ್ಟಡ ಏಳುತ್ತದೆ. ನಡೆಸುವ ಗುತ್ತಿಗೆಯಲ್ಲಿ ಲಾಭವಿಲ್ಲ, ಹಾಗಾಗಿ ಐದಾರು ವರ್ಷಕ್ಕೆ ಹಾಳಾಗುತ್ತದೆ. ಆಗ ಕೆಡವಿ ಮತ್ತೆ ಕಟ್ಟುವ ಟೆಂಡರ್. ನಡುವೆ ಸಿಟ್ಟಿಗೆದ್ದ ಜನರಿಗೆ ಬಂಕ್, ಹೋಟೆಲ್‌ಗಳ ಕಡೆ ಕೈ ತೋರಿಸುತ್ತಾರೆ. ಹೋಟೆಲಿನವರಿಗೂ ಗಿರಾಕಿಗಳಿಗೂ ಜಗಳ ಹತ್ತಿಕೊಳ್ಳುತ್ತದೆ, ಪಾಲಿಕೆ ದೂರ ನಿಂತು ನೋಡುತ್ತದೆ.

ದಾರಿ ಬದಲಾಗಬೇಕಾದರೆ ಟೆಂಡರಿನ ಒಳಗೆ ಬದಲಾಗಬೇಕು. ಬಂದ ಚಿಲ್ಲರೆಯಲ್ಲಿ ನಡೆಸಿಕೋ ಎನ್ನುವ ಬದಲು, ಶುಚಿಯಾಗಿ ಇಟ್ಟಷ್ಟು ದಿನಕ್ಕೆ ಪಾಲಿಕೆಯೇ ನಡೆಸುವವರಿಗೆ ತಿಂಗಳ ಹಣ ಕೊಡಬೇಕು. ಕೊಳಕಿದ್ದ ದಿನದ ಹಣ ಕಡಿತ. ಹಾಗಾದರೆ ಹೆಂಗಸರಿಂದ ಐದು ರೂಪಾಯಿ ಕೀಳುವ ಅಗತ್ಯವೂ ಇಲ್ಲ, ರಾತ್ರಿ ಬೀಗ ಹಾಕುವ ಆಸೆಯೂ ಇಲ್ಲ. ಖರ್ಚು ಜಾಸ್ತಿಯಾಗುತ್ತದೆ, ನಿಜ. ಪುಕ್ಕಟೆ ಕೊಟ್ಟರೆ ಜನ ಹಾಳು ಮಾಡುತ್ತಾರೆ, ಸ್ವಲ್ಪ ದುಡ್ಡು ಕೊಟ್ಟರೆ ಮರ್ಯಾದೆ ಇರುತ್ತದೆ ಎಂಬ ಆಕ್ಷೇಪವೂ ಬರುತ್ತದೆ. ಝೋಪಡಪಟ್ಟಿಯ ತಿಂಗಳ ಪಾಸಿಗೆ ಆ ಮಾತು ಸ್ವಲ್ಪ ಮಟ್ಟಿಗೆ ಹೊಂದುತ್ತದೆ. ಸ್ಟೇಷನ್ ಹೊರಗೆ ಅವಸರದಲ್ಲಿ ಬಂದವರಿಗೆ ಹೊಂದುವುದಿಲ್ಲ.

2022ರ ಮಾರ್ಚ್‌ನಿಂದ ವರ್ಷಗಟ್ಟಲೆ ಮುಂಬೈ ಪಾಲಿಕೆಯಲ್ಲಿ ಚುನಾಯಿತ ಕಾರ್ಪೊರೇಟರ್‌ಗಳೇ ಇರಲಿಲ್ಲ, ಎಲ್ಲವೂ ಆಡಳಿತಾಧಿಕಾರಿಯ ಕೈಲಿತ್ತು. ವಾರ್ಡಿನಲ್ಲಿ ಕೇಳಲು ಮುಖವೇ ಇಲ್ಲದ ಆ ಕಾಲದಲ್ಲಿ ದೂರುಗಳು ವಾರ್ಡ್ ಆಫೀಸಿನಲ್ಲೇ ಸುತ್ತುತ್ತಿದ್ದವು. ಕಾರ್ಪೊರೇಟರ್ ಮುಂದೆ ನಿಂತಾಗ ಎಷ್ಟು ಸೀಟು ಕಟ್ಟಿಸಿದಿರಿ ಎಂದು ಕೇಳಿದರೆ ಸಂತೋಷದಿಂದ ಫೋಟೋ ತೋರಿಸುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ನಮ್ಮ ವಾರ್ಡಿನ ಶೌಚಾಲಯದ ಕರೆಂಟು ಬಿಲ್ ಯಾವ ದರದಲ್ಲಿ ಬರುತ್ತಿದೆ, ಅದನ್ನು ಕಟ್ಟುವವರು ಯಾರು, ಸೆಪ್ಟಿಕ್ ಟ್ಯಾಂಕ್ ಕೊನೆಯ ಸಲ ಖಾಲಿ ಮಾಡಿದ್ದು ಯಾವಾಗ, ರಾತ್ರಿ ಬೀಗದ ಕೈ ಯಾರ ಹತ್ತಿರ ಇರುತ್ತದೆ.